ಹಾಕಿದ್ದು 8 ಜಿಬಿ, ಸಿಕ್ಕಿದ್ದು 3.24: ಉಳಿದ ರ‍್ಯಾಮ್ ಎಲ್ಲಿ ಹೋಯಿತು?

ಪ್ರಶ್ನೆ: ಸರ್, ಹಾಸನದ ಕೋರ್ಟ್ ಹತ್ತಿರ ನನ್ನದೊಂದು ಸಣ್ಣ ಅಂಗಡಿ ಇದೆ. ಆನ್‌ಲೈನ್ ಅರ್ಜಿ ತುಂಬುವುದು, ಪಹಣಿ ತೆಗೆದುಕೊಡುವುದು, ಮದುವೆ ಕಾರ್ಡು, ಜೆರಾಕ್ಸ್, ಇಷ್ಟೇ ಕೆಲಸ. ಅಂಗಡಿಯ ಹಳೇ ಡೆಸ್ಕ್‌ಟಾಪ್ ತುಂಬಾ ನಿಧಾನ ಆಗಿತ್ತು ಅಂತ 4 ಜಿಬಿ ರ‍್ಯಾಮ್ ತೆಗೆಸಿ 8 ಜಿಬಿ ಹಾಕಿಸಿದೆ. ಸಿಸ್ಟಮ್ ಪುಟದಲ್ಲಿ ‘8.00 ಜಿಬಿ, 3.24 ಜಿಬಿ ಯೂಸಬಲ್’ ಅಂತ ತೋರಿಸುತ್ತಿದೆ. ವೇಗದಲ್ಲಿ ಎಳ್ಳಷ್ಟೂ ವ್ಯತ್ಯಾಸ ಇಲ್ಲ. ಅನುಮಾನ ಬಂದು ಮಗಳ ಕಾಲೇಜಿಗೆಂದು ತಂದ ಹೊಸ ಲ್ಯಾಪ್‌ಟಾಪ್ ನೋಡಿದೆ. ಅದರಲ್ಲೂ 8 ಜಿಬಿಗೆ 5.9 ಮಾತ್ರ ಯೂಸಬಲ್. ಎರಡೂ ಕಡೆ ಡುಪ್ಲಿಕೇಟ್ ರ‍್ಯಾಮ್ ಹಾಕಿ ಮೋಸ ಮಾಡಿದ್ದಾರಾ? ವಾಪಸ್ ಕೇಳಬಹುದಾ?

ಉತ್ತರ: ಮೋಸ ಆಗಿಲ್ಲ. ಜಗಳಕ್ಕೆ ಹೋಗಬೇಡಿ. ರ‍್ಯಾಮ್ ಎರಡರಲ್ಲೂ ಪೂರ್ತಿ ಇದೆ, ಅದನ್ನು ಆ ಪುಟವೇ ಹೇಳುತ್ತಿದೆ. ಅಲ್ಲಿ ಮೊದಲು ಬರುವ ‘8.00’ ಅನ್ನುವುದು ಬೋರ್ಡಿನ ಮೇಲೆ ಎಷ್ಟು ಮೆಮೊರಿ ಕೂತಿದೆ ಅನ್ನುವ ಲೆಕ್ಕ. ಮದರ್‌ಬೋರ್ಡಿನ ಬಯೋಸ್ (ಸ್ವಿಚ್ ಹಾಕಿದ ಕೂಡಲೇ ಮೊದಲು ಓಡುವ ಬೋರ್ಡಿನ ಪ್ರೋಗ್ರಾಮ್) ಪ್ರತಿ ರ‍್ಯಾಮ್ ಸ್ಟಿಕ್ಕಿನ ಮೇಲಿರುವ ಪುಟ್ಟ ಚಿಪ್ ಓದಿ ಈ ಸಂಖ್ಯೆಯನ್ನು ವಿಂಡೋಸ್‌ಗೆ ಕೊಡುತ್ತದೆ. ಎರಡನೆಯದು, ಆ ಯೂಸಬಲ್ ಅನ್ನುವುದು, ವಿಂಡೋಸ್ ಕೈಗೆ ನಿಜವಾಗಿ ಸಿಕ್ಕಿದ್ದು. ಎರಡರ ನಡುವಿನ ವ್ಯತ್ಯಾಸವನ್ನು ಬೇರೆ ಯಾರೋ ಇಟ್ಟುಕೊಂಡಿದ್ದಾರೆ, ಇಲ್ಲವೇ ಅದನ್ನು ಮುಟ್ಟಲು ವಿಂಡೋಸ್‌ಗೆ ದಾರಿ ಇಲ್ಲ. ನಿಮ್ಮ ಎರಡು ಮಷಿನ್‌ಗಳಲ್ಲಿ ಕಾರಣ ಬೇರೆ ಬೇರೆ. ಡೆಸ್ಕ್‌ಟಾಪ್‌ನಲ್ಲಿ ದಾರಿ ಇಲ್ಲ. ಲ್ಯಾಪ್‌ಟಾಪ್‌ನಲ್ಲಿ ಬೇರೆಯವರು ಇಟ್ಟುಕೊಂಡಿದ್ದಾರೆ.

ಇಂಥ ಕೇಸುಗಳಲ್ಲಿ ನಾನು ಮೊದಲು ಕೇಳುವುದು ಒಂದೇ: ಎಷ್ಟು ಕಾಣೆಯಾಗಿದೆ? ಮಷಿನ್ ಬಿಚ್ಚುವ ಮೊದಲೇ ಆ ಅಂಕಿ ಅರ್ಧ ಉತ್ತರ ಕೊಟ್ಟುಬಿಡುತ್ತದೆ. ಎಷ್ಟೇ ರ‍್ಯಾಮ್ ಹಾಕಿದರೂ ಯೂಸಬಲ್ ಮೂರು ಚಿಲ್ಲರೆಯಲ್ಲೇ ನಿಂತಿದ್ದರೆ ಒಂದು ಕಾರಣ. ಸರಿಸುಮಾರು 2 ಜಿಬಿ ಅಥವಾ ಅರ್ಧ ಜಿಬಿ ಹೋಗಿದ್ದರೆ ಇನ್ನೊಂದು. ಕರೆಕ್ಟಾಗಿ ಅರ್ಧಕ್ಕರ್ಧ ಹೋಗಿದ್ದರೆ ಅದು ಬೇರೆಯೇ ಕಥೆ. ನೂರಿನ್ನೂರು ಎಂಬಿ ಹೋಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಅದು ಎಲ್ಲ ಮಷಿನ್‌ನಲ್ಲೂ ಹೋಗುತ್ತದೆ.

ನಿಮ್ಮ ಡೆಸ್ಕ್‌ಟಾಪ್‌ನದು ಮೊದಲನೇ ಜಾತಿ. ರ‍್ಯಾಮ್ ಬದಲಿಸುವ ಮುಂಚೆಯೂ ಅಲ್ಲಿ 3.24ರ ಆಸುಪಾಸೇ ಇದ್ದಿರಬೇಕು, ನೀವು ಗಮನಿಸಿರಲಿಕ್ಕಿಲ್ಲ. ಅದೇ ಸಿಸ್ಟಮ್ ಪುಟದಲ್ಲಿ ಸ್ವಲ್ಪ ಕೆಳಗೆ ‘ಸಿಸ್ಟಮ್ ಟೈಪ್’ ಅಂತ ಒಂದು ಸಾಲು ಇರುತ್ತದೆ. ಅಲ್ಲಿ ‘32-ಬಿಟ್ ಆಪರೇಟಿಂಗ್ ಸಿಸ್ಟಮ್, ಎಕ್ಸ್64 ಬೇಸ್ಡ್ ಪ್ರೊಸೆಸರ್’ ಅಂತ ಇದೆಯಾ ನೋಡಿ. ಇದ್ದೇ ಇರುತ್ತದೆ. ಅಂದರೆ ಪ್ರೊಸೆಸರ್ 64-ಬಿಟ್ ಕೆಲಸ ಮಾಡಬಲ್ಲದು, ಮೇಲೆ ಕೂತ ವಿಂಡೋಸ್ ಮಾತ್ರ 32-ಬಿಟ್.

32-ಬಿಟ್ ಅಂದರೆ ಏನು ತೊಂದರೆ? ರ‍್ಯಾಮ್‌ನ ಒಂದೊಂದು ಬೈಟಿಗೂ ಒಂದು ವಿಳಾಸ ಬೇಕು. ವಿಳಾಸ ಬರೆಯಲು 32 ಬಿಟ್, ಅಂದರೆ 0 ಅಥವಾ 1 ಕೂರುವ 32 ಜಾಗ ಮಾತ್ರ ಇದ್ದರೆ ಒಟ್ಟು 4,29,49,67,296 ವಿಳಾಸ ಆಗುತ್ತವೆ. ಸುಮಾರು 430 ಕೋಟಿ. ಇದೇ 4 ಜಿಬಿ. ಅದಕ್ಕಿಂತ ಒಂದೇ ಒಂದು ಜಾಸ್ತಿ ಇಲ್ಲ. ಇಲ್ಲಿಯವರೆಗೆ ತುಂಬಾ ಜನಕ್ಕೆ ಗೊತ್ತಿರುತ್ತದೆ. ‘ಸರಿ, ಹಾಗಾದರೆ 4 ಆದರೂ ಸಿಗಬೇಕಿತ್ತಲ್ಲ, 3.24 ಯಾಕೆ?’ ಅನ್ನುವಲ್ಲಿ ಗೊಂದಲ ಶುರು.

ಬಡಾವಣೆ ಲೆಕ್ಕದಲ್ಲಿ ಹೇಳುತ್ತೇನೆ. ಹೊಸ ಲೇಔಟ್ ಮಾಡುವಾಗ ನಕ್ಷೆಯಲ್ಲಿ ಇಂತಿಷ್ಟು ನಂಬರ್ ಅಂತ ಗುರುತು ಮಾಡುತ್ತಾರೆ. ಎಲ್ಲ ನಂಬರೂ ಮನೆಗೆ ಸಿಗುವುದಿಲ್ಲ. ಪಾರ್ಕಿಗೆ ಒಂದಿಷ್ಟು, ಸಿಎ ಸೈಟಿಗೆ ಒಂದಿಷ್ಟು, ನೀರಿನ ಟ್ಯಾಂಕಿಗೆ ಒಂದಿಷ್ಟು ಮೊದಲೇ ತೆಗೆದಿಡುತ್ತಾರೆ. ಕಂಪ್ಯೂಟರಿನಲ್ಲೂ ಹಾಗೆಯೇ. ಈ 430 ಕೋಟಿ ನಂಬರುಗಳು ಬರೀ ರ‍್ಯಾಮ್‌ಗೆ ಮಾತ್ರ ಅಲ್ಲ. ಗ್ರಾಫಿಕ್ಸ್ ಕಾರ್ಡ್, ನೆಟ್‌ವರ್ಕ್ ಕಾರ್ಡ್, ಯುಎಸ್‌ಬಿ ಕಂಟ್ರೋಲರ್, ಸೌಂಡ್, ಬಯೋಸ್ ಚಿಪ್, ಇವೆಲ್ಲದರ ಜೊತೆ ಪ್ರೊಸೆಸರ್ ಮಾತಾಡುವುದೂ ಇದೇ ನಂಬರುಗಳ ಮೂಲಕ. ಆ ನಂಬರುಗಳನ್ನು ನಕ್ಷೆಯ ಕೊನೆಯಿಂದ, ಅಂದರೆ 4 ಜಿಬಿ ಗೆರೆಯ ಸ್ವಲ್ಪ ಕೆಳಗಿನಿಂದ ಎತ್ತಿಡುತ್ತಾರೆ. ನಿಮ್ಮ ರ‍್ಯಾಮ್‌ನ ಮಿಕ್ಕ ಭಾಗ ಬೋರ್ಡಿನ ಮೇಲೆ ಇದೆ, ಕರೆಂಟೂ ಹರಿಯುತ್ತಿದೆ. ಆದರೆ ಖಾತೆ ಆಗದ ಮನೆಯ ಥರ, ದಾಖಲೆಯಲ್ಲಿ ಅದಕ್ಕೆ ನಂಬರ್ ಇಲ್ಲ. ನಂಬರ್ ಇಲ್ಲದ ಕಡೆ ವಿಂಡೋಸ್ ಹೋಗಲಾರದು.

ಇದನ್ನು ನಿಮ್ಮ ಮಷಿನ್‌ನಲ್ಲೇ ಕಣ್ಣಾರೆ ನೋಡಬಹುದು. ಡಿವೈಸ್ ಮ್ಯಾನೇಜರ್ ತೆರೆಯಿರಿ. ಮೇಲಿನ ‘ವ್ಯೂ’ ಮೆನುವಿನಲ್ಲಿ ‘ರಿಸೋರ್ಸಸ್ ಬೈ ಟೈಪ್’ ಒತ್ತಿ, ಆಮೇಲೆ ‘ಮೆಮೊರಿ’ ಬಿಚ್ಚಿ. ಯಾವ ಸಾಧನ ಯಾವ ನಂಬರಿನಿಂದ ಯಾವ ನಂಬರಿನವರೆಗೆ ಹಿಡಿದಿದೆ ಅನ್ನುವ ಉದ್ದ ಪಟ್ಟಿ ಬರುತ್ತದೆ. ನಂಬರುಗಳು ಹದಿನಾರರ ಲೆಕ್ಕದಲ್ಲಿ ಇರುತ್ತವೆ. 9 ಆದ ಮೇಲೆ ಎ, ಬಿ, ಸಿ, ಡಿ, ಇ, ಎಫ್. ಎಂಟು ಅಂಕೆಯ ಆ ನಂಬರಿನಲ್ಲಿ ಮೊದಲ ಅಂಕೆಯ ಒಂದೊಂದು ಹೆಜ್ಜೆಗೂ 256 ಎಂಬಿ. ಈಗ ನಕ್ಷೆಯ ಕೊನೆಯಲ್ಲಿರುವ ಸಾಧನಗಳ ಸಾಲು ಡಿ ಅಕ್ಷರ, ಮುಂದೆ ಏಳು ಸೊನ್ನೆ, ಅಲ್ಲಿಂದ ಶುರುವಾಗಿದೆ ಅಂತ ಇಟ್ಟುಕೊಳ್ಳಿ. ಡಿ ಅಂದರೆ 13. ಹದಿಮೂರು 256 ಅಂದರೆ 3328 ಎಂಬಿ, ಅದೇ 3.25 ಜಿಬಿ. ನಿಮ್ಮ 3.24 ಎಲ್ಲಿಂದ ಬಂತು ಗೊತ್ತಾಯಿತಲ್ವಾ? ಆ ಸಾಲು ಇ ಅಕ್ಷರದಿಂದ ಶುರುವಾಗಿದ್ದರೆ 3.5 ಸಿಗುತ್ತಿತ್ತು. ಸಿ ಆಗಿದ್ದರೆ 3 ಮಾತ್ರ.

ಒಂದೇ ವಿಂಡೋಸ್ ಇದ್ದರೂ ಒಬ್ಬರ ಮಷಿನ್‌ನಲ್ಲಿ 3.5, ಇನ್ನೊಬ್ಬರದರಲ್ಲಿ 2.9 ಬರುವುದು ಇದಕ್ಕೇ. ಯಾವ ಸಾಧನ ಎಷ್ಟು ನಂಬರ್ ಕೇಳುತ್ತದೆ ಅನ್ನುವುದರ ಮೇಲೆ ನಿಂತಿದೆ. ದೊಡ್ಡ ಪಾಲು ಗ್ರಾಫಿಕ್ಸ್‌ನದು. ಬೇರೆ ಕಾರ್ಡ್ ಹಾಕಿದ್ದರೆ ಸಾಮಾನ್ಯವಾಗಿ 256 ಎಂಬಿಯಷ್ಟು ನಂಬರ್ ಅದಕ್ಕೆ. ಕಾರ್ಡಿನ ಮೇಲೆ 1 ಜಿಬಿ ಇದ್ದರೂ ಪೂರ್ತಿ ಒಂದು ಜಿಬಿ ನಂಬರ್ ಕೇಳಬೇಕೆಂದೇನಿಲ್ಲ. ಕಾರ್ಡುಗಳನ್ನು ಬೋರ್ಡಿಗೆ ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್ ವ್ಯವಸ್ಥೆ ತನ್ನ ಸೆಟ್ಟಿಂಗ್‌ಗಳಿಗೆಂದೇ 256 ಎಂಬಿವರೆಗೆ ತೆಗೆದಿಡಬಹುದು. ಅಲ್ಲಿಗೆ ಅರ್ಧ ಜಿಬಿ ಖರ್ಚು.

ಹಳಬರಿಗೆ ಇದು ಹೊಸದಲ್ಲ. 1981ರಲ್ಲಿ ಬಂದ ಐಬಿಎಂ ಪಿಸಿಯೊಳಗಿನ 8088 ಪ್ರೊಸೆಸರ್‌ಗೆ ವಿಳಾಸ ಬರೆಯಲು ಇದ್ದದ್ದು 20 ಬಿಟ್. ಒಟ್ಟು 1 ಎಂಬಿ. ಅದರಲ್ಲಿ ಮೇಲಿನ 384 ಕೆಬಿಯನ್ನು ಪರದೆಗೆ, ಬಯೋಸ್‌ಗೆ ಎತ್ತಿಟ್ಟರು. ಪ್ರೋಗ್ರಾಮ್‌ಗಳಿಗೆ ಉಳಿದದ್ದು 640 ಕೆಬಿ. ವಿಂಡೋಸ್‌ಗಿಂತ ಮುಂಚಿನ ಡಾಸ್ ಕಾಲದಲ್ಲಿ ಆ 640ರೊಳಗೆ ಎಲ್ಲವನ್ನೂ ತುರುಕಲು ಪಟ್ಟ ಪಾಡು ಅನುಭವಿಸಿದವರಿಗೇ ಗೊತ್ತು. 1985ರಲ್ಲಿ ಇಂಟೆಲ್ 386 ಬಂತು, 32 ಬಿಟ್ ಆಯಿತು, 4 ಜಿಬಿ ಅಂದರೆ ಮುಗಿಯದ ಸಮುದ್ರ ಅನ್ನಿಸಿತು. ಇಪ್ಪತ್ತು ವರ್ಷದಲ್ಲಿ ಅದೇ ಗೋಡೆಗೆ ಮತ್ತೆ ತಲೆ ತಗುಲಿತು.

ಇಲ್ಲಿ ಒಂದು ಸೂಕ್ಷ್ಮ ಇದೆ. ‘32-ಬಿಟ್ ಪ್ರೊಸೆಸರ್ 4 ಜಿಬಿ ದಾಟಲಾರದು’ ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ. 1995ರ ಪೆಂಟಿಯಮ್ ಪ್ರೊದಲ್ಲೇ ಇಂಟೆಲ್ ವಿಳಾಸವನ್ನು 36 ಬಿಟ್‌ಗೆ ಹಿಗ್ಗಿಸುವ ಉಪಾಯ ಕೊಟ್ಟಿತ್ತು. ಪಿಎಇ ಅಂತ ಅದರ ಹೆಸರು. ಆ ಲೆಕ್ಕದಲ್ಲಿ 64 ಜಿಬಿವರೆಗೆ ಹೋಗಬಹುದು. 32-ಬಿಟ್ ಲಿನಕ್ಸ್ ಹೋಯಿತು. ಮೈಕ್ರೋಸಾಫ್ಟಿನ 32-ಬಿಟ್ ಸರ್ವರ್ ವಿಂಡೋಸ್‌ಗಳಲ್ಲೂ ದುಬಾರಿ ಆವೃತ್ತಿಗಳು ಹೋದವು. ಮನೆ-ಅಂಗಡಿಗಳ ವಿಂಡೋಸ್‌ಗೆ ಮಾತ್ರ ಮೈಕ್ರೋಸಾಫ್ಟ್ 4 ಜಿಬಿ ಗೆರೆಯಲ್ಲೇ ಬೇಲಿ ಹಾಕಿತು. ಕಾರಣ ಡ್ರೈವರ್‌ಗಳು, ಅಂದರೆ ಒಂದೊಂದು ಸಾಧನವನ್ನೂ ನಡೆಸುವ ಪುಟ್ಟ ಪ್ರೋಗ್ರಾಮ್‌ಗಳು. ಅಗ್ಗದ ಕಾರ್ಡುಗಳ ಡ್ರೈವರ್ ಬರೆದವರು 4 ಜಿಬಿ ಮೇಲೆ ವಿಳಾಸ ಬರಬಹುದು ಅಂತ ಯೋಚನೆಯೇ ಮಾಡಿರಲಿಲ್ಲ. ಅಂಥ ವಿಳಾಸ ಬಂದರೆ ಮಷಿನ್ ನೀಲಿ ಪರದೆ ತೋರಿಸಿ ಬೀಳುತ್ತಿತ್ತು. ಮನೆಮನೆಯಲ್ಲಿ ಮಷಿನ್ ಬೀಳುವುದಕ್ಕಿಂತ ಒಂದಿಷ್ಟು ರ‍್ಯಾಮ್ ಸುಮ್ನೆ ಕೂರಲಿ ಅಂದುಕೊಂಡರು. ನನ್ನ ಪ್ರಕಾರ ಆ ತೀರ್ಮಾನ ಸರಿಯೇ ಇತ್ತು. ಗ್ರಾಹಕರಿಗೆ ಅದನ್ನು ಬಿಡಿಸಿ ಹೇಳದೇ ಹೋದದ್ದು ತಪ್ಪು. ಆ ಬೇಲಿ ಕಿತ್ತುಹಾಕುವ ಪ್ಯಾಚ್ ಅಂತ ಏನೇನೋ ಫೈಲುಗಳು ಓಡಾಡುತ್ತವೆ. ಗಿರಾಕಿಗಳ ಆಧಾರ್, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್ ಮಾಡುವ ಮಷಿನ್‌ಗೆ ಅಂಥದ್ದನ್ನು ಹತ್ತಿರವೂ ಸೇರಿಸಬೇಡಿ.

ನಿಮಗೆ ಇರುವ ದಾರಿ 64-ಬಿಟ್ ವಿಂಡೋಸ್ ಹಾಕಿಸುವುದು. 64-ಬಿಟ್ ಬಂದ ಕೂಡಲೇ ಆ 4 ಜಿಬಿ ಗೆರೆ ಅಳಿಸಿಹೋಗುತ್ತದೆ. ಸಾಧನಗಳು ತಮ್ಮ ನಂಬರುಗಳನ್ನು ಹಾಗೇ ಇಟ್ಟುಕೊಂಡಿರುತ್ತವೆ, ಆದರೆ ಅಲ್ಲಿ ಜಾಗ ಸಿಗದ ರ‍್ಯಾಮನ್ನು ಬೋರ್ಡ್ 4 ಜಿಬಿ ಮೇಲಿನ ನಂಬರುಗಳಿಗೆ ಸಾಗಿಸುತ್ತದೆ. ಇದಕ್ಕೆ ರೀಮ್ಯಾಪ್ ಅನ್ನುತ್ತಾರೆ. ಕೆಲವು ಬೋರ್ಡುಗಳ ಬಯೋಸ್‌ನಲ್ಲಿ ‘ಮೆಮೊರಿ ರೀಮ್ಯಾಪ್’ ಅಂತ ಒಂದು ಆಯ್ಕೆ ಇರುತ್ತದೆ, ಅದು ಎನೇಬಲ್ ಆಗಿರಬೇಕು. ಅದು ಆಫ್ ಆಗಿದ್ದರೆ 64-ಬಿಟ್ ಹಾಕಿಯೂ ಒಂದಿಷ್ಟು ಮೆಮೊರಿ ಹಾಗೇ ಕಾಣೆಯಾಗುತ್ತದೆ. ತೀರಾ ಹಳೇ ಬೋರ್ಡು, ಇಂಟೆಲ್ 945 ಚಿಪ್‌ಸೆಟ್‌ನದು (ಪ್ರೊಸೆಸರ್, ರ‍್ಯಾಮ್, ಸಾಧನಗಳನ್ನು ಜೋಡಿಸುವ ಬೋರ್ಡಿನ ಚಿಪ್) ಅಂತಾದರೆ ಆಸೆ ಬಿಡಿ. ಆ ಚಿಪ್‌ಸೆಟ್‌ಗೇ 4 ಜಿಬಿ ಆಚೆಗೆ ನಂಬರ್ ಇಲ್ಲ. ಯಾವ ವಿಂಡೋಸ್ ಹಾಕಿದರೂ ಮೂರು ಚಿಲ್ಲರೆಯೇ. ನಿಮ್ಮದು 8 ಜಿಬಿಯನ್ನು ಗುರುತಿಸಿದೆ ಅಂದ ಮೇಲೆ ಆ ಭಯ ಇಲ್ಲ.

ಅಂದಹಾಗೆ ನಿಮ್ಮ ಮಷಿನ್‌ಗೆ 32-ಬಿಟ್ ಯಾಕೆ ಬಂತು ಅಂತ ಯೋಚಿಸಿದರೆ, ಬಹುಶಃ ಹೀಗಿರಬೇಕು. ಮೊದಲು 2 ಜಿಬಿ ಇದ್ದಾಗ 32-ಬಿಟ್ ವಿಂಡೋಸ್ 7 ಹಾಕಿದ್ದರು. ಕಡಿಮೆ ರ‍್ಯಾಮ್‌ಗೆ ಅದೇ ಹಗುರ, ತಪ್ಪೇನಿಲ್ಲ. 2015ರಲ್ಲಿ ವಿಂಡೋಸ್ 10ಕ್ಕೆ ಪುಕ್ಕಟೆ ಅಪ್‌ಗ್ರೇಡ್ ಕೊಟ್ಟಾಗ ಎಲ್ಲರ ಹಾಗೆ ಒತ್ತಿದಿರಿ. ಆ ಅಪ್‌ಗ್ರೇಡ್ 32ನ್ನು 32 ಆಗಿಯೇ ಬಿಡುತ್ತದೆ, 64 ಮಾಡುವುದಿಲ್ಲ. ಈಗಲೂ 32ರಿಂದ 64ಕ್ಕೆ ನೇರ ಅಪ್‌ಗ್ರೇಡ್ ಇಲ್ಲ. ಎಲ್ಲ ಅಳಿಸಿ ಹೊಸದಾಗಿ ಹಾಕಬೇಕು. ಲೈಸೆನ್ಸ್ ಮಾತ್ರ ಬೇರೆ ಕೊಳ್ಳಬೇಕಿಲ್ಲ. ಅದೇ ಆವೃತ್ತಿಯ 64-ಬಿಟ್‌ಗೆ ಅದೇ ಲೈಸೆನ್ಸ್ ನಡೆಯುತ್ತದೆ. ಹೋಮ್ ಇದ್ದರೆ ಹೋಮ್, ಪ್ರೊ ಇದ್ದರೆ ಪ್ರೊ.

ಫಾರ್ಮ್ಯಾಟ್‌ಗೆ ಕೊಡುವ ಮುಂಚೆ ಮೂರು ವಿಷಯ ನೋಡಿಕೊಳ್ಳಿ. ಡೆಸ್ಕ್‌ಟಾಪ್ ಮೇಲಿನ ಫೈಲುಗಳ ಬ್ಯಾಕಪ್ ಎಲ್ಲರೂ ಮಾಡುತ್ತಾರೆ. ಫಾಂಟ್ ಫೋಲ್ಡರ್ ಮರೆಯುತ್ತಾರೆ. ಹತ್ತು ವರ್ಷದಿಂದ ಕೂಡಿಟ್ಟ ಮದುವೆ ಕಾರ್ಡಿನ ಕನ್ನಡ ಫಾಂಟುಗಳು ಹೋದರೆ ಹಳೇ ಫೈಲು ತೆರೆದಾಗ ಬರೀ ಕಾಗೆ ಕಾಲು ಗುಬ್ಬಿ ಕಾಲು ಕಾಣುತ್ತದೆ. ಎರಡನೆಯದು ಪ್ರಿಂಟರ್, ಸ್ಕ್ಯಾನರ್, ಬೆರಳಚ್ಚು ಸಾಧನ. 64-ಬಿಟ್ ವಿಂಡೋಸ್‌ಗೆ 64-ಬಿಟ್ ಡ್ರೈವರೇ ಬೇಕು. ಕಂಪನಿ ಕೈಬಿಟ್ಟ ಹಳೇ ಮಾಡೆಲ್‌ಗೆ ಅದು ಸಿಗದೇ ಹೋಗಬಹುದು. ಮೊದಲೇ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಸಿಗದಿದ್ದರೆ ಫಾರ್ಮ್ಯಾಟ್ ಮಾಡಿಸುವ ಮುಂಚೆಯೇ ಗೊತ್ತಾಗುವುದು ಒಳ್ಳೇದು, ಅಲ್ವಾ?

ಮೂರನೆಯದು ಹಳೇ ತಂತ್ರಾಂಶ. 32-ಬಿಟ್ ಪ್ರೋಗ್ರಾಮ್‌ಗಳು 64-ಬಿಟ್ ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಓಡುತ್ತವೆ. ಡಾಸ್ ಕಾಲದ 16-ಬಿಟ್ ಪ್ರೋಗ್ರಾಮ್‌ಗಳು ಓಡುವುದಿಲ್ಲ. ಚಿಕ್ಕಮಗಳೂರು ಕಡೆಯ ಎಸ್ಟೇಟ್ ಆಫೀಸಿನಲ್ಲೋ ಹಾಸನದ ಅಕ್ಕಿ ಗಿರಣಿಯಲ್ಲೋ ಯಾರೋ ಎಂದೋ ಬರೆದುಕೊಟ್ಟ ಫಾಕ್ಸ್‌ಪ್ರೋ ಲೆಕ್ಕದ ಪ್ರೋಗ್ರಾಮ್ ಇನ್ನೂ ನಡೆಯುತ್ತಿದ್ದರೆ, 64-ಬಿಟ್ ಹಾಕಿದ ಮಾರನೇ ದಿನ ಆಳುಗಳ ಬಟವಾಡೆ ನಿಂತುಹೋಗುತ್ತದೆ. ಡಾಸ್‌ಬಾಕ್ಸ್ ಅನ್ನುವ ಉಚಿತ ತಂತ್ರಾಂಶದ ಒಳಗೆ ಅಂಥವನ್ನು ಓಡಿಸಲು ಪ್ರಯತ್ನಿಸಬಹುದು. ಮೊದಲು ಬೇರೆ ಮಷಿನ್‌ನಲ್ಲಿ ಪರೀಕ್ಷೆ ಮಾಡಿ, ಪ್ರಿಂಟ್ ಬರುತ್ತಾ ನೋಡಿ, ಆಮೇಲೆ ಕೈ ಹಾಕಿ.

64-ಬಿಟ್ ಹಾಕಿದ ಮೇಲೂ ಆವೃತ್ತಿಯ ಮಿತಿ ಅಂತ ಒಂದಿದೆ. ವಿಂಡೋಸ್ 7ರ ಹೋಮ್ ಬೇಸಿಕ್ ನಮ್ಮಲ್ಲಿ ಲ್ಯಾಪ್‌ಟಾಪ್‌ಗಳ ಜೊತೆ ತುಂಬಾ ಬರುತ್ತಿತ್ತು. ಅದು 64-ಬಿಟ್ ಆದರೂ 8 ಜಿಬಿಗೇ ಸೀಮಿತ. ಹೋಮ್ ಪ್ರೀಮಿಯಮ್ 16 ಜಿಬಿಗೆ. ವಿಂಡೋಸ್ 10 ಹೋಮ್ 64-ಬಿಟ್‌ಗೆ 128 ಜಿಬಿ, ಹಾಗಾಗಿ ನಮ್ಮಂಥವರಿಗೆ ಆ ಮಿತಿ ತಗುಲುವುದಿಲ್ಲ.

ಈಗ ಮಗಳ ಲ್ಯಾಪ್‌ಟಾಪ್‌ಗೆ ಬರೋಣ. ಅದು ಹೊಸದು, 64-ಬಿಟ್ಟೇ ಇರುತ್ತದೆ. ವಿಂಡೋಸ್ 11ಕ್ಕೆ 32-ಬಿಟ್ ಆವೃತ್ತಿಯೇ ಇಲ್ಲ. ಹಾಗಾದರೆ 2.1 ಜಿಬಿ ಎಲ್ಲಿ ಹೋಯಿತು? ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ‘ಪರ್ಫಾರ್ಮೆನ್ಸ್’ನಲ್ಲಿ ‘ಮೆಮೊರಿ’ ಒತ್ತಿದರೆ ಕೆಳಗೆ ‘ಹಾರ್ಡ್‌ವೇರ್ ರಿಸರ್ವ್ಡ್ 2.1 ಜಿಬಿ’ ಅಂತ ಕಾಣುತ್ತದೆ. ಪ್ರೊಸೆಸರ್ ಎಎಂಡಿ ರೈಝನ್ ಅಂತ ನನ್ನ ಊಹೆ. ಲ್ಯಾಪ್‌ಟಾಪ್‌ನಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಪರದೆಯ ಕೆಲಸವನ್ನು ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಭಾಗವೇ ಮಾಡುತ್ತದೆ. ಅದಕ್ಕೆ ಸ್ವಂತ ಮೆಮೊರಿ ಇಲ್ಲ, ಇದೇ ರ‍್ಯಾಮ್‌ನಲ್ಲಿ ಪಾಲು ಬೇಕು. ರೈಝನ್ ಲ್ಯಾಪ್‌ಟಾಪ್‌ಗಳಲ್ಲಿ ಬಯೋಸ್ ಆ ಪಾಲನ್ನು ಸ್ವಿಚ್ ಹಾಕಿದ ಕ್ಷಣವೇ ಕತ್ತರಿಸಿ ಕೊಟ್ಟುಬಿಡುತ್ತದೆ. ಕೆಲವು ಕಂಪನಿಗಳು 512 ಎಂಬಿ ಇಡುತ್ತವೆ, ಕೆಲವು 2 ಜಿಬಿ. ನಿಮ್ಮದರಲ್ಲಿ 2 ಜಿಬಿ ಇಟ್ಟಿದ್ದಾರೆ. ಮಿಕ್ಕ 0.1 ಬೋರ್ಡಿನ ಚಿಲ್ಲರೆ ಖರ್ಚು.

ಇಂಟೆಲ್‌ನ ಒಳ-ಗ್ರಾಫಿಕ್ಸ್ ಹೀಗೆ ಮೊದಲೇ ಜಾಸ್ತಿ ಕತ್ತರಿಸುವುದಿಲ್ಲ. ಸ್ವಲ್ಪ ಇಟ್ಟುಕೊಂಡು, ಬೇಕಾದಾಗ ಕೇಳಿ ಪಡೆದು, ಆಮೇಲೆ ವಾಪಸ್ ಕೊಡುತ್ತದೆ. ಅದಕ್ಕೇ 8 ಜಿಬಿಯ ಇಂಟೆಲ್ ಲ್ಯಾಪ್‌ಟಾಪ್‌ನಲ್ಲಿ 7.7, 7.8 ಹೀಗೆ ಕಾಣುತ್ತದೆ. ಗೆಳತಿಯ ಲ್ಯಾಪ್‌ಟಾಪ್‌ನಲ್ಲಿ 7.8 ಇದೆ, ನನ್ನದರಲ್ಲಿ 5.9 ಇದೆ ಅಂತ ಮಗಳು ಬೇಜಾರು ಮಾಡಿಕೊಂಡರೆ ಇದನ್ನು ಹೇಳಿ. ಟಾಸ್ಕ್ ಮ್ಯಾನೇಜರ್‌ನ ಜಿಪಿಯು (ಗ್ರಾಫಿಕ್ಸ್) ಪುಟದಲ್ಲಿ ‘ಶೇರ್ಡ್ ಜಿಪಿಯು ಮೆಮೊರಿ’ ಅಂತ ಇನ್ನೊಂದು ಅಂಕಿ ಕಾಣುತ್ತದೆ. ಅದು ಹೋದ ಮೆಮೊರಿ ಅಲ್ಲ. ಬೇಕಾದರೆ ಇಷ್ಟರವರೆಗೆ ತೆಗೆದುಕೊಳ್ಳಬಹುದು ಅನ್ನುವ ಗರಿಷ್ಠ ಮಿತಿ, ಅಷ್ಟೇ.

ಆ 2 ಜಿಬಿಯನ್ನು ಕಡಿಮೆ ಮಾಡಬಹುದಾ? ಕೆಲವು ಲ್ಯಾಪ್‌ಟಾಪ್‌ಗಳ ಬಯೋಸ್‌ನಲ್ಲಿ ‘ಯುಎಂಎ ಫ್ರೇಮ್ ಬಫರ್ ಸೈಜ್’ ಅಂತ ಇರುತ್ತದೆ. ಅದನ್ನು 512 ಎಂಬಿಗೆ ಇಳಿಸಿದರೆ ಒಂದೂವರೆ ಜಿಬಿ ವಾಪಸ್ ಬರುತ್ತದೆ. ಬ್ರೌಸರ್, ವರ್ಡ್, ಆನ್‌ಲೈನ್ ಪಾಠ ಇಷ್ಟಕ್ಕೆ 512 ಧಾರಾಳ ಸಾಕು. ಗೇಮ್ ಆಡುವುದು, ವಿಡಿಯೊ ಎಡಿಟಿಂಗ್ ಇದ್ದರೆ ಇರುವ ಹಾಗೇ ಬಿಡಿ. ತುಂಬಾ ಕಂಪನಿಗಳು ಈ ಆಯ್ಕೆಯನ್ನು ತೋರಿಸುವುದೇ ಇಲ್ಲ. ಆಗ ಬಯೋಸ್ ತಿದ್ದುವ ಸಾಹಸಕ್ಕೆ ಹೋಗಬೇಡಿ, ವಾರಂಟಿ ಇರುವ ಮಷಿನ್ ಅದು. ಖಾಲಿ ಸ್ಲಾಟ್ ಇದ್ದರೆ ಇನ್ನೊಂದು 8 ಜಿಬಿ ಹಾಕಿಸುವುದೇ ವಾಸಿ. ಒಳ-ಗ್ರಾಫಿಕ್ಸ್‌ಗೆ ಎರಡು ಸ್ಟಿಕ್ ಇದ್ದರೆ ಮೆಮೊರಿಗೆ ಎರಡು ದಾರಿ ಸಿಕ್ಕ ಹಾಗೆ ಆಗಿ ವೇಗವೂ ಏರುತ್ತದೆ. ಒಂದೇ ಸ್ಟಿಕ್ ಹಾಕಿ ಮಾರುವುದು ಕಂಪನಿಗಳ ಜಿಪುಣತನ, ಅದರಲ್ಲಿ ನನಗೆ ಅನುಮಾನ ಇಲ್ಲ.

ಅರ್ಧಕ್ಕರ್ಧ ಹೋಗುವ ಕಥೆ ನಿಮಗೆ ಆಗಿಲ್ಲ, ಆದರೂ ಹೇಳಿಬಿಡುತ್ತೇನೆ. ನಮ್ಮ ಕಡೆ ಮಳೆಗಾಲದಲ್ಲಿ ಇದೇ ಜಾಸ್ತಿ. ಸಕಲೇಶಪುರ, ಮೂಡಿಗೆರೆ, ಕಳಸದಿಂದ ಜುಲೈ ಹೊತ್ತಿಗೆ ಬರುವ ಡೆಸ್ಕ್‌ಟಾಪ್‌ಗಳು: 16 ಜಿಬಿ ಇದೆ, 8 ಮಾತ್ರ ಕಾಣುತ್ತಿದೆ. ಕೆಲವು ಸಲ ಬೆಳಗ್ಗೆ 8, ಮಧ್ಯಾಹ್ನ ಬೆಚ್ಚಗಾದ ಮೇಲೆ 16. ಹೀಗೆ ಏರಿಳಿದರೆ ತಂತ್ರಾಂಶದ ತಂಟೆ ಅಲ್ಲವೇ ಅಲ್ಲ, ಸಂಪರ್ಕದ ತಂಟೆ. ಸ್ಟಿಕ್ಕಿನ ಕೆಳ ಅಂಚಿನ ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ತೇವ, ಧೂಳು ಸೇರಿ ಮಬ್ಬು ಪೊರೆ ಕಟ್ಟಿರುತ್ತದೆ. ಕರೆಂಟ್ ಪ್ಲಗ್ ಕಿತ್ತು, ಪವರ್ ಬಟನ್ ಒಂದು ಸಲ ಒತ್ತಿ ಒಳಗೆ ಉಳಿದ ಚಾರ್ಜ್ ಖಾಲಿ ಮಾಡಿ, ಸ್ಟಿಕ್ ತೆಗೆಯಿರಿ. ಪೆನ್ಸಿಲ್ ಅಳಿಸುವ ಬಿಳಿ ರಬ್ಬರಿನಿಂದ ಆ ಪಟ್ಟಿಗಳನ್ನು ಮೆಲ್ಲಗೆ ಉಜ್ಜಿ. ರಬ್ಬರಿನ ಪುಡಿಯನ್ನು ಒಣ ಬ್ರಷ್‌ನಿಂದ ಪೂರ್ತಿ ಒರೆಸಿ, ಸ್ಲಾಟಿನೊಳಗೆ ಬೀಳಬಾರದು. ಸ್ಲಾಟಿಗೆ ಬ್ಲೋವರ್ ಹಿಡಿಯಿರಿ. ಬಾಯಿಂದ ಊದಬೇಡಿ, ಉಸಿರಿನ ತೇವ ಒಳಗೆ ಹೋಗುತ್ತದೆ. ಮತ್ತೆ ಕೂರಿಸುವಾಗ ತುದಿಯ ಕ್ಲಿಪ್ ‘ಟಕ್’ ಅನ್ನಬೇಕು. ಅರ್ಧ ಕೂತ ಸ್ಟಿಕ್ ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ, ಅದೇ ಮೋಸ.

ಇಷ್ಟಾದರೂ ಬರದಿದ್ದರೆ ಒಂದೊಂದೇ ಸ್ಟಿಕ್ ಹಾಕಿ, ಒಂದೊಂದೇ ಸ್ಲಾಟಿನಲ್ಲಿ ನೋಡಿ. ಸ್ಟಿಕ್ ಎಲ್ಲ ಕಡೆ ಸರಿ, ಒಂದು ಸ್ಲಾಟ್ ಮಾತ್ರ ಸತ್ತಿದೆ ಅಂತಾದರೆ ಪ್ರೊಸೆಸರ್ ಎತ್ತಿ ನೋಡಬೇಕು. ಈಚಿನ ಇಂಟೆಲ್ ಡೆಸ್ಕ್‌ಟಾಪ್‌ಗಳಲ್ಲಿ ಸೂಜಿಯಂಥ ಪಿನ್ನುಗಳು ಇರುವುದು ಬೋರ್ಡಿನ ಸಾಕೆಟ್‌ನಲ್ಲಿ. ರ‍್ಯಾಮ್ ಜೊತೆ ಮಾತಾಡುವ ಭಾಗ ಪ್ರೊಸೆಸರ್ ಒಳಗೇ ಇದೆ. ಒಂದು ಪಿನ್ ಬಾಗಿದರೂ ಒಂದು ಕಡೆಯ ರ‍್ಯಾಮ್ ಪೂರ್ತಿ ಮಾಯ. ಕೂಲರ್ ಒಂದೇ ಮೂಲೆಗೆ ಬಿಗಿದಿದ್ದರೂ ಹೀಗಾಗುವುದುಂಟು. ಸ್ಕ್ರೂ ಸ್ವಲ್ಪ ಸಡಿಲಿಸಿ ನಾಲ್ಕೂ ಕಡೆ ಸಮ ಮಾಡಿದರೆ 16 ವಾಪಸ್ ಬರುತ್ತದೆ. ಇದು ಮನೆಯಲ್ಲಿ ಮಾಡುವ ಕೆಲಸ ಅಲ್ಲ.

ರ‍್ಯಾಮ್ ಕಾಣೆ ಅಂದ ಕೂಡಲೇ ಜನ ಮೊಬೈಲ್‌ನಲ್ಲಿ ವಿಡಿಯೊ ನೋಡಿ ಮಾಡುವ ಒಂದು ಕೆಲಸ ಇದೆ. ಎಂಎಸ್‌ಕಾನ್ಫಿಗ್ ಅನ್ನುವ ವಿಂಡೋಸ್‌ನ ಸೆಟ್ಟಿಂಗ್ ಪುಟ ತೆರೆದು, ಬೂಟ್ ಭಾಗದ ಅಡ್ವಾನ್ಸ್ಡ್ ಆಯ್ಕೆಯಲ್ಲಿ ‘ಮ್ಯಾಕ್ಸಿಮಮ್ ಮೆಮೊರಿ’ಗೆ ಟಿಕ್ ಹಾಕಿ ದೊಡ್ಡ ಸಂಖ್ಯೆ ತುಂಬುವುದು. ಹಾಗೆ ಮಾಡಬೇಡಿ. ಅದು ಮೆಮೊರಿ ಕೊಡುವ ಸ್ವಿಚ್ ಅಲ್ಲ, ಮೆಮೊರಿ ಕಡಿತ ಮಾಡುವ ಸ್ವಿಚ್. ಕಡಿಮೆ ರ‍್ಯಾಮ್‌ನಲ್ಲಿ ತಮ್ಮ ಪ್ರೋಗ್ರಾಮ್ ಹೇಗೆ ಓಡುತ್ತದೆ ಅಂತ ಪರೀಕ್ಷೆ ಮಾಡುವವರಿಗೆ ಇಟ್ಟದ್ದು. ನಿಮ್ಮದರಲ್ಲಿ ಆ ಟಿಕ್ ಇದ್ದರೆ ತೆಗೆಯಿರಿ. ಇಲ್ಲದಿದ್ದರೆ ಮುಟ್ಟಬೇಡಿ.

ಇನ್ನೊಂದು ಗೊಂದಲ ಹಾರ್ಡ್‌ಡಿಸ್ಕ್‌ನದು. 1 ಟಿಬಿ ಡಿಸ್ಕ್ 931 ಜಿಬಿ ತೋರಿಸುತ್ತದಲ್ಲ, ರ‍್ಯಾಮೂ ಹಾಗೇ ಇರಬೇಕು ಅಂತ ಕೆಲವರು ಸಮಾಧಾನ ಮಾಡಿಕೊಳ್ಳುತ್ತಾರೆ. ಹಾಗಲ್ಲ. ಡಿಸ್ಕ್ ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ರ‍್ಯಾಮ್‌ನಲ್ಲಿ ಇಬ್ಬರೂ 1024ರ ಲೆಕ್ಕವೇ ಹಿಡಿಯುತ್ತಾರೆ, ಆ ಕಾರಣಕ್ಕೆ ಒಂದು ಬೈಟೂ ಕಡಿಮೆ ಕಾಣಬಾರದು.

ನಿಮ್ಮ ಮದುವೆ ಕಾರ್ಡಿನ ಕೆಲಸ ಪೇಜ್‌ಮೇಕರ್‌ನಲ್ಲಿ ನಡೆಯುತ್ತಿದ್ದರೆ ಇದನ್ನೂ ಕೇಳಿ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, 32-ಬಿಟ್ ಪ್ರೋಗ್ರಾಮ್. ಅಂಥ ಪ್ರೋಗ್ರಾಮ್ ತನ್ನ ಪಾಲಿಗೆ ಮಾಮೂಲಿಯಾಗಿ 2 ಜಿಬಿ ಮೀರಿ ಮುಟ್ಟುವುದಿಲ್ಲ, ಮಷಿನ್‌ನಲ್ಲಿ 16 ಇದ್ದರೂ ಅಷ್ಟೇ. ಹಾಗಾಗಿ 64-ಬಿಟ್ ಹಾಕಿದ ಮೇಲೆ ಪೇಜ್‌ಮೇಕರ್ ಒಂದೇ ಹಾರಾಡುತ್ತದೆ ಅಂದುಕೊಳ್ಳಬೇಡಿ. ಲಾಭ ಆಗುವುದು ಪೇಜ್‌ಮೇಕರ್, ಬ್ರೌಸರ್‌ನ ಹತ್ತಿಪ್ಪತ್ತು ಟ್ಯಾಬ್, ಸ್ಕ್ಯಾನರ್ ಎಲ್ಲ ಒಟ್ಟಿಗೆ ತೆರೆದಾಗ.

ಹಳೇ ಡೆಸ್ಕ್‌ಟಾಪ್‌ನಲ್ಲಿ ಇನ್ನೂ ತಿರುಗುವ ಹಾರ್ಡ್‌ಡಿಸ್ಕೇ ಇದ್ದರೆ, ಹೇಗೂ ಎಲ್ಲ ಅಳಿಸಿ ಹಾಕಿಸುತ್ತಿದ್ದೀರಿ, ಅದೇ ಹೊತ್ತಿಗೆ ಒಂದು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ಚಿಪ್‌ಗಳ ಡಿಸ್ಕ್) ಹಾಕಿಸಿ ವಿಂಡೋಸ್ ಅದರಲ್ಲಿ ಕೂರಿಸಿ. ನಿಧಾನ ಅಂತ ನೀವು ಬೈಯುತ್ತಿರುವುದರಲ್ಲಿ ದೊಡ್ಡ ಪಾಲು ಆ ಡಿಸ್ಕಿನದೇ ಇರುತ್ತದೆ. ಕೊಂಡ 8 ಜಿಬಿ ರ‍್ಯಾಮ್ ವಾಪಸ್ ಕೊಡಬೇಡಿ, ಅದು ಬೇಕೇ ಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಇಂಟೆಲ್‌ನಲ್ಲಿ ಸರಿಸುಮಾರು 8ನೇ ತಲೆಮಾರಿನಿಂದ ಈಚಿನ ಪ್ರೊಸೆಸರ್‌ಗಳನ್ನು ಮಾತ್ರ ಒಪ್ಪುತ್ತದೆ. ನಿಮ್ಮದು ಅದಕ್ಕಿಂತ ಹಳೇದಾದರೆ, ಅರ್ಜಿ ತುಂಬುವ ಕೆಲಸಕ್ಕೆ 64-ಬಿಟ್ ಲಿನಕ್ಸ್ ಕೂಡ ಯೋಚಿಸಬಹುದು. ಆದರೆ ಬೆರಳಚ್ಚು ಸಾಧನ ಲಿನಕ್ಸ್‌ನಲ್ಲಿ ನಡೆಯುತ್ತಾ ಅಂತ ಅದನ್ನು ಮಾರಿದವರನ್ನೇ ಮೊದಲು ಕೇಳಿ.

ಲ್ಯಾಪ್‌ಟಾಪ್‌ಗೆ ರ‍್ಯಾಮ್ ತರಲು ಹೋಗುವ ಮುಂಚೆ ಟಾಸ್ಕ್ ಮ್ಯಾನೇಜರ್‌ನ ಅದೇ ಮೆಮೊರಿ ಪುಟದ ಫೋಟೋ ತೆಗೆದುಕೊಳ್ಳಿ. ‘ಸ್ಲಾಟ್ಸ್ ಯೂಸ್ಡ್’ ಅನ್ನುವ ಕಡೆ 2ರಲ್ಲಿ 1 ಅಂತ ಇದ್ದರೆ ಜಾಗ ಇದೆ. ಪಕ್ಕದಲ್ಲೇ ‘ಸ್ಪೀಡ್’ ಇರುತ್ತದೆ, ಮೇಲೆ ಮೂಲೆಯಲ್ಲಿ ಒಟ್ಟು ಗಾತ್ರ ಇರುತ್ತದೆ. ಆ ಫೋಟೋ ಜೊತೆ ಲ್ಯಾಪ್‌ಟಾಪ್‌ನ ಮಾಡೆಲ್ ನಂಬರನ್ನೂ ಅಂಗಡಿಯವರಿಗೆ ತೋರಿಸಿ. ಕೆಲವು ತೆಳು ಮಾಡೆಲ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಅಲ್ಲಿ ಸ್ಲಾಟ್ ಇದೆ ಅಂತ ವಿಂಡೋಸ್ ತೋರಿಸಿದರೂ ಒಳಗೆ ಇರುವುದಿಲ್ಲ. ಬಿಚ್ಚಿ ನೋಡಿದ ಮೇಲೆಯೇ ದುಡ್ಡು ಕೊಡಿ.